ಲಿವರ್ ಮೀಮಾಂಸೆ: ಹಳೆಯ ಜಾವಾ ಹಿಡಿಗಳ ಪಾಠಪರಿಷ್ಕರಣೆ

1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು, ಜಗತ್ತು ಹುಬ್ಬೇರಿಸಿತು. ಅದೇ ಊರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ಹೊರತಂದಿತು. ಮೊದಲು ಜಾವಾ ಎಂದು, 1973ರಿಂದ ಯೆಜ್ಡಿ ಎಂದು. ಆ ಬೈಕುಗಳ ಹ್ಯಾಂಡಲಿನ ಎರಡು ಬದಿಗೂ ಇರುವ ಲಿವರುಗಳ ವಿಷಯದಲ್ಲಿ ಮಾತ್ರ ಪಂಡಿತಲೋಕ ಇಂದಿಗೂ ತುಟಿ ಬಿಚ್ಚಿಲ್ಲ. ಈ ಘೋರ ಕೊರತೆಯನ್ನು ನೀಗಿಸಲೆಂದೇ ಪ್ರಸ್ತುತ ಲೇಖಕನು, ಯಾರೂ ಕೇಳದಿದ್ದರೂ, ಲೇಖನಿ ಹಿಡಿದಿದ್ದಾನೆ.

ಮೊದಲು ಪ್ರಮಾಣವಿಚಾರ. ಲಿವರ್ ಯಾವ ಲೋಹದ್ದೆಂದು ತಿಳಿಯುವ ಬಗೆ ಮೂರು. ಅಂಗೈಯಲ್ಲಿಟ್ಟು ತೂಗುವುದು ಅನುಮಾನ. ಮೆಕ್ಯಾನಿಕ್ಕನನ್ನು ಕೇಳುವುದು ಶಬ್ದಪ್ರಮಾಣ. ಅವನು ಹೇಗೂ "ಒರಿಜಿನಲ್ ಸಾರ್" ಎಂದೇ ಹೇಳುವನಾದ್ದರಿಂದ ಇದಕ್ಕೆ ಬಲ ಕಡಿಮೆ. ಅಯಸ್ಕಾಂತ ಹಿಡಿಯುವುದೇ ಪ್ರತ್ಯಕ್ಷ. ಕಚ್ಚಿಕೊಂಡರೆ ಕ್ರೋಮ್ ಹೊದ್ದ ಕಬ್ಬಿಣ. ಜಾರಿ ಬಿದ್ದರೆ ಅಲ್ಯೂಮಿನಿಯಂ ಎರಕವೆಂದೇ ಬಹುಮಟ್ಟಿಗೆ ನಂಬಬಹುದು. ಕ್ರೋಮಿಗೆ ಉಜ್ಜುಕಾಗದ ನಿಷಿದ್ಧ. ಅದರ ಪದರ ಒಂದು ಮೈಕ್ರಾನಿಗಿಂತ ತೆಳು, ಮೈಬೆಳಕಿನ ಬಹುಪಾಲು ಅಡಿಯ ನಿಕ್ಕಲ್ಲಿನದು. ಕ್ರೋಮ್ ಎದ್ದುಹೋದದ್ದನ್ನು ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಕಾಯಬೇಕಷ್ಟೆ. ಆದಕಾರಣ ಮುಂದಿನ ವಿಚಾರವೆಲ್ಲ ಅಲ್ಯೂಮಿನಿಯಮ್ಮಿಗೆ ಸಂಬಂಧಿಸಿದ್ದು.

ನಾಲ್ಕು ಯಜಮಾನರ ಕೈ ದಾಟಿದ ಲಿವರು ಪ್ರಕ್ಷಿಪ್ತಗಳಿಂದ ತುಂಬಿರುತ್ತದೆ. ಎಲ್ಲಕ್ಕಿಂತ ಮೇಲೆ ಸಿಲ್ವರ್ ಪೇಂಟು: ಬೈಕು ಮಾರುವ ಹಿಂದಿನ ಸಂಜೆ ಬಳಿದದ್ದು, ಆದ್ದರಿಂದ ಅರ್ವಾಚೀನ. ಅದರಡಿ ಕಪ್ಪು ಎನಾಮೆಲ್ಲು, ಕುಂಚದ ಒಂದು ಕೂದಲೂ ಅದರಲ್ಲೇ ಸಮಾಧಿಯಾಗಿದೆ. ಇವೆರಡರ ನಡುವೆ, ಲಿವರು ಬ್ರಾಕೆಟ್ಟಿಗೆ ಸೇರುವ ಸಂದಿಯಲ್ಲಿ, ಅರಿಸಿನ ಕುಂಕುಮ ಗ್ರೀಸಿನೊಡನೆ ಬೆರೆತು ಕಲ್ಲಾಗಿರುತ್ತದೆ. ವಿದ್ವಾಂಸರು ಇದನ್ನು ಕಸವೆಂದು ಕೆರೆದೆಸೆಯುತ್ತಾರೆ. ಎಂಥ ಅವಿವೇಕ! ವರ್ಷಕ್ಕೊಂದು ಆಯುಧಪೂಜೆ, ಪೂಜೆಗೊಂದು ಪದರ. ಬೈಕಿನ ಕಾಲನಿರ್ಣಯಕ್ಕೆ ಆರ್‌ಸಿ ಪುಸ್ತಕಕ್ಕಿಂತ ಇದು ನಂಬಿಗಸ್ತ ಸಾಕ್ಷಿ.

ಪದರ ಕಳಚಲು ಪೇಂಟ್ ರಿಮೂವರ್ ವಿಹಿತ. ಬಚ್ಚಲಿನ ಕೊಳವೆ ಬಿಡಿಸಲು ತಂದಿಟ್ಟ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕುವ ಸಂಪ್ರದಾಯವೊಂದುಂಟು. ಅದರಲ್ಲಿ ಬಣ್ಣ ಹೋಗುವುದು ನಿಜ. ಹಿಂದೆಯೇ ಲಿವರೂ ಜಲಜನಕದ ಗುಳ್ಳೆಗಳನ್ನೆಬ್ಬಿಸುತ್ತ ಕರಗತೊಡಗುತ್ತದೆ. ಪ್ರಕ್ಷಿಪ್ತದ ಜೊತೆಗೆ ಮೂಲವನ್ನೂ ಲೋಪಗೊಳಿಸುವ ಸಂಪಾದಕರು ಸಾಹಿತ್ಯದಲ್ಲೂ ಇದ್ದಾರೆ, ಹೆಸರು ಬೇಡ.

ಇನ್ನು ಘರ್ಷಣಕಾಂಡ. ವಾಟರ್ ಪೇಪರು 320, 400, 600, 800, 1000, 1500, 2000 ಎಂಬ ಕ್ರಮದಲ್ಲಿ ಸೂಕ್ಷ್ಮವಾಗುತ್ತ ಹೋಗುತ್ತದೆ. ನೀರು ಹನಿಸುತ್ತ ಉಜ್ಜಬೇಕು. ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಹಿಂದಿನ ನಂಬರಿನ ಗೀರು ಪೂರ್ತಿ ಅಳಿಯುವ ತನಕ ಮುಂದಕ್ಕೆ ಹೋಗಕೂಡದು. 400ರಲ್ಲಿ ಸೋಮಾರಿತನ ಮಾಡಿ 1000ಕ್ಕೆ ಹಾರಿದವನಿಗೆ ಪಾಲಿಶು ಹಚ್ಚಿದ ಮೇಲೆ ಆ ಬಿಟ್ಟ ಗೀರುಗಳೇ ದೀಪ ಹಚ್ಚಿದಂತೆ ಎದ್ದು ಕಾಣುತ್ತವೆ. ಇಲ್ಲಿ ಒಂದು ತತ್ತ್ವವನ್ನು ಮಂಡಿಸಲೇಬೇಕು: ಪಾಲಿಶಿನಿಂದ ಲೋಹಕ್ಕೆ ಯಾವುದೂ ಸೇರುವುದಿಲ್ಲ, ಲೋಹವೇ ಸವೆಯುತ್ತದೆ. ಗೀರು ಕಣ್ಣಿಗೆ ನಿಲುಕದಷ್ಟು ಸಣ್ಣದಾದಾಗ ನಾವು ಅದನ್ನು ಹೊಳಪೆಂದು ಕರೆದು ಕಾಫಿ ಕುಡಿಯಲು ಏಳುತ್ತೇವೆ.

ಬಫಿಂಗ್ ಮೋಟಾರಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಐದು ನಿಮಿಷದಲ್ಲಿ ಮುಗಿಸುವವರೂ ಇದ್ದಾರೆ. ಅವರ ಕೈಗೆ ಸಿಕ್ಕ ಲಿವರಿನ ಅಂಚುಗಳೆಲ್ಲ ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ದುಂಡಗಾಗಿ, ಎರಕದ ಅಕ್ಷರಗಳಿದ್ದರೆ ಅವೂ ಅಳಿದುಹೋಗುತ್ತವೆ.

ಕನ್ನಡಿಪಂಥದವರು ಮೀಸೆ ತಿದ್ದಿಕೊಳ್ಳುವಷ್ಟು ಹೊಳೆಯದ ಲಿವರನ್ನು ಲಿವರೆಂದೇ ಒಪ್ಪುವುದಿಲ್ಲ. ಇವರಿಗೆ ಅದ್ವೈತಿಗಳ ಆಕ್ಷೇಪವಿದೆ. ಅಲ್ಯೂಮಿನಿಯಂ ಗಾಳಿ ಸೋಕಿದ ಕ್ಷಣದಲ್ಲೇ ಕೆಲವೇ ನ್ಯಾನೋಮೀಟರಿನ ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಉಜ್ಜಿ ತೆಗೆದರೆ ಮತ್ತೆ ಬರುತ್ತದೆ. ಹಾಗಾಗಿ ಬರಿಮೈಯ ಅಲ್ಯೂಮಿನಿಯಮ್ಮನ್ನು ಯಾವ ಸವಾರನೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ಕಂಡದ್ದೆಲ್ಲ ಆವರಣಶಕ್ತಿ. ಅದರ ಮೇಲೆ ಅಂಗೈ ಬೆವರಿನ ಉಪ್ಪು, ಮಳೆಗಾಲದ ತೇವ. ಎರಡು ತಿಂಗಳಲ್ಲಿ ಮೀಸೆ ಮಸುಕಾಗುತ್ತದೆ. ಆಗ ಕನ್ನಡಿಪಂಥದವರು ಸಿದ್ಧಾಂತ ಬದಲಿಸುವುದಿಲ್ಲ, ಬ್ರಾಸೋ ಡಬ್ಬಿ ತರುತ್ತಾರೆ.

ಕ್ಲಚ್ ಲಿವರಿನ ಅಸ್ತಿತ್ವವೇ ವಿವಾದಾಸ್ಪದವೆಂಬುದನ್ನು ಇಲ್ಲಿ ಹೇಳಬೇಕು. ಹಳೆಯ ಜಾವಾದಲ್ಲಿ ಕಾಲಿನ ಗೇರ್ ಲಿವರನ್ನು ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುತ್ತದೆ. ಅದೇ ಲಿವರನ್ನು ತಿರುಗಿಸಿ ನಿಲ್ಲಿಸಿದರೆ ಕಿಕ್ಕರೂ ಹೌದು. ಒಂದೇ ಕಡ್ಡಿ ಮೂರು ಕೆಲಸ ಮಾಡುತ್ತಿರುವಾಗ ಕೈಯ ಕ್ಲಚ್ಚಿಗೆ ನಿಂತಲ್ಲಿಂದ ಹೊರಡುವ ಹೊತ್ತಿನ ಹೊರತು ಹೆಚ್ಚು ಉದ್ಯೋಗವಿಲ್ಲ. ಕೆಲಸ ಕಡಿಮೆಯಿದ್ದವನಿಗೆ ಅಲಂಕಾರ ಹೆಚ್ಚು ಸಲ್ಲುವುದು ಲೋಕರೂಢಿಯಾದ್ದರಿಂದ, 2000 ನಂಬರಿನ ಕಾಗದವನ್ನು ಈ ಬದಿಗೇ ಮೀಸಲಿಡುವುದು ಯುಕ್ತ.

ಬಿದ್ದು ಬಾಗಿದ ಲಿವರನ್ನು ತಣ್ಣಗೇ ಬಗ್ಗಿಸಿ ನೇರ ಮಾಡಕೂಡದು. ಎರಕದಲ್ಲಿ ಬಿರುಕು ಬಿಡುತ್ತದೆ. ಮುಂದೆ ಬೇಕಾದ ಗಳಿಗೆಯಲ್ಲಿ ಮುರಿದು ಕೈಗೆ ಬರುತ್ತದೆ. ತುದಿಯ ಗುಂಡನ್ನು ಚಂದಕ್ಕೆಂದು ಅರೆಯುವುದು ಮಹಾಪಾತಕ, ಬಿದ್ದಾಗ ಲಿವರು ಮೈಗೆ ಚುಚ್ಚದಂತೆ ಕಾಯುವುದೇ ಅದು.

ಉಳಿದದ್ದು ತೂತಿನ ಪ್ರಶ್ನೆ. ಲಿವರು ತಿರುಗುವ ಸ್ಕ್ರೂ ಕೂರುವ ತೂತು ವರ್ಷಗಟ್ಟಲೆ ಗ್ರೀಸಿಲ್ಲದೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಲೇತಿನಲ್ಲಿ ಕೊರೆಸಿ ಹಿತ್ತಾಳೆ ಬುಷ್ ಹಾಕಿಸಬಹುದು. ಕೇಬಲ್ಲಿನ ನಿಪ್ಪಲಿಗೆ ಒಂದಿಷ್ಟು ಗ್ರೀಸೂ ಸವರಬಹುದು. ಕನ್ನಡಿಪಂಥದ ಪ್ರಕಾರ ಇದೆಲ್ಲ ಒಳಗಡೆಯ ವಿಷಯ, ಕಣ್ಣಿಗೆ ಕಾಣದ್ದು, ಆದ್ದರಿಂದ ಪಾಠದ ಭಾಗವಲ್ಲ. ಆದರೆ ಚಾಮುಂಡಿಬೆಟ್ಟದಿಂದ ಇಳಿಯುವಾಗ, ಥಳಥಳಿಸುವ ಬ್ರೇಕ್ ಲಿವರು ಗಡಗಡ ಅಲುಗಾಡುತ್ತ ಹಿಡಿಯ ರಬ್ಬರಿಗೇ ಬಂದು ತಾಗಿದರೂ ಮುಂದಿನ ಡ್ರಮ್ಮಿಗೆ ಸುದ್ದಿ ಮುಟ್ಟುವುದಿಲ್ಲ. ಈ ಬಗ್ಗೆ ಅವರ ಅಭಿಪ್ರಾಯವನ್ನು ಅಲ್ಲಿಯೇ ಕೇಳಿ ದಾಖಲಿಸುವ ಪ್ರಯತ್ನ ಫಲಿಸಲಿಲ್ಲ. ಎರಡೂ ಚಪ್ಪಲಿಗಳನ್ನು ಡಾಂಬರಿಗೆ ಊರಿಕೊಂಡು ಅವರು ಆಗಲೇ ನಂದಿಯನ್ನು ದಾಟಿ ಹೋಗಿದ್ದರು.