ಈ ಪುಸ್ತಕದಲ್ಲಿ ನೀವೆಲ್ಲಿ?

ವಾಟ್ಸಾಪ್‌ನಲ್ಲಿ ತಾವೇ ಕಳಿಸಿದ ಧ್ವನಿಸಂದೇಶವನ್ನು ಕೇಳಿಸಿಕೊಂಡವರಿಗೆ ಗೊತ್ತು: ಮೂಗು ಕಟ್ಟಿದ ಯಾರೋ ದೂರದ ನೆಂಟ ನಮ್ಮ ಫೋನಿನಿಂದ ಮಾತಾಡಿದಂತಿರುತ್ತದೆ. ತಪ್ಪು ಫೋನಿನದಲ್ಲ. ನಮ್ಮ ದನಿ ನಮಗೆ ಗಾಳಿಯಲ್ಲಷ್ಟೇ ಅಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಆ ದಾರಿಯಲ್ಲಿ ಬರುವಾಗ ಮಂದ್ರಕ್ಕೆ ಬಲ ಜಾಸ್ತಿ. ಹಾಗಾಗಿ ಒಳಗೊಳಗೆ ಎಲ್ಲರೂ ಗಂಭೀರ ಕಂಠದವರೇ. ಹೊರಗಿನವರಿಗೆ ಆ ಸವಲತ್ತಿಲ್ಲ. "ನಿಮ್ಮ ದನಿ ಮೊದಲಿಂದಲೂ ಹೀಗೇ ಅಲ್ವೇನ್ರೀ" ಎಂದಳು ಹೆಂಡತಿ. ಮದುವೆಯಾದಂದಿನಿಂದ ತಡೆದುಕೊಂಡಿದ್ದಾಳೆ, ಪಾಪ.

ದನಿಯದ್ದೇ ಈ ಕಥೆಯಾದರೆ ಗುಣದ್ದೇನು? ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನ ಓಡಿಸುವ ಕೌಶಲದಲ್ಲಿ ತಾವು ಮೇಲಿನ ಅರ್ಧದವರು ಎಂದುಕೊಂಡ ಅಮೆರಿಕದ ವಿದ್ಯಾರ್ಥಿಗಳು ಶೇ. 93, ಸ್ವೀಡನ್ನಿನವರು ಶೇ. 69. ಅದೇ ಪ್ರಶ್ನೆಯನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೇಳಿದ್ದರೆ ಉಳಿದ ಶೇಕಡಾವಾರನ್ನೂ ನಾವು ತುಂಬಿಕೊಡುತ್ತಿದ್ದೆವು.

ತನ್ನನ್ನು ತಾನು ಅಳೆದುಕೊಳ್ಳುವ ವಿಷಯದಲ್ಲಿ ನನಗೆ ತುಂಬ ಇಷ್ಟವಾಗುವವನು ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್. ಪರಿಪೂರ್ಣನಾಗಿಯೇ ತೀರುತ್ತೇನೆಂದು ಹದಿಮೂರು ಸದ್ಗುಣಗಳ ಪಟ್ಟಿ ಮಾಡಿಕೊಂಡ. ವಾರಕ್ಕೊಂದು ಗುಣ, ವರ್ಷಕ್ಕೆ ನಾಲ್ಕು ಸುತ್ತು. ಮೊದಲು ಹನ್ನೆರಡೇ ಇದ್ದವು. ನೀನು ಜಂಬದವನು ಎಂದು ಗೆಳೆಯನೊಬ್ಬ ನಯವಾಗಿ ಹೇಳಿದ ಮೇಲೆ ವಿನಯವೂ ಸೇರಿತು. ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು, ತಪ್ಪಿಗೊಂದು ಕಪ್ಪು ಚುಕ್ಕೆ. ಸುತ್ತು ಮುಗಿದಾಗ ಹಳೆಯ ಚುಕ್ಕೆಗಳನ್ನು ಕೆರೆದು ಹೊಸ ತಪ್ಪುಗಳಿಗೆ ಜಾಗ ಮಾಡುತ್ತಿದ್ದ. ಕೆರೆದೂ ಕೆರೆದೂ ಹಾಳೆಗಳೆಲ್ಲ ತೂತು! ಕೊನೆಗೆ ದಂತದ ಹಾಳೆಗಳಿಗೆ ವರ್ಗಾಯಿಸಿ, ಸೀಸದ ಕಡ್ಡಿಯಲ್ಲಿ ಬರೆದು, ಒದ್ದೆ ಸ್ಪಂಜಿನಲ್ಲಿ ಒರೆಸತೊಡಗಿದ. ವಸ್ತುಗಳನ್ನು ಅದರದರ ಜಾಗದಲ್ಲಿಡುವ ಗುಣ ಮಾತ್ರ ಅವನಿಗೆ ಕಡೆಗೂ ಒಲಿಯಲಿಲ್ಲ. ಜಂಬವನ್ನು ಪೂರ್ತಿ ಗೆದ್ದರೆ ಆ ವಿನಯದ ಬಗ್ಗೆಯೇ ಜಂಬಪಟ್ಟೇನು ಎಂದು ಆತ್ಮಕಥೆಯಲ್ಲಿ ನಕ್ಕುಬಿಟ್ಟ. ನನ್ನ ಲೆಕ್ಕದಲ್ಲಿ ಆ ನಗು ಹದಿಮೂರು ಗುಣಗಳಿಗಿಂತ ದೊಡ್ಡದು. ತನ್ನನ್ನು ತಾನು ಪೊಲೀಸರಂತೆ ವಿಚಾರಣೆಗೆ ಎಳೆದು ತಂದವನಿಗೆ ಸಿಗುವುದು ತಪ್ಪೊಪ್ಪಿಗೆ, ಪರಿಚಯವಲ್ಲ.

ಚುಕ್ಕೆ ಇಡುವ ಧೈರ್ಯ ನನಗಿರಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ದಿನದ ಬಗ್ಗೆ ಒಂದಿಷ್ಟು ಬರೆಯೋಣವೆಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಒಂದು ದಿನ ಕಾಫಿ ಕಪ್ ಇಡಲು ಜಾಗ ಹುಡುಕುತ್ತ ಹೆಂಡತಿ ಅದನ್ನೆತ್ತಿಕೊಂಡು ನಾಲ್ಕು ಪುಟ ತಿರುವಿದಳು. "ಇವರು ಹಾಗಂದರು, ಅದಕ್ಕೆ ಸಿಟ್ಟು ಬಂತು. ಅವನು ತಡ ಮಾಡಿದ, ಅದಕ್ಕೆ ಕೂಗಾಡಿದೆ. ಇದರಲ್ಲಿ ಊರವರೆಲ್ಲ ಇದ್ದಾರೆ. ನೀವೆಲ್ಲಿ?"

ಅಂದಿನಿಂದ ಒಂದೇ ಕಟ್ಟುಪಾಡು: ಏನು ಮಾಡಿದೆ ಎಂದಷ್ಟೇ ಬರೆಯಬೇಕು, ಕಾರಣ ಕೊಡುವಂತಿಲ್ಲ, ಬೈದುಕೊಳ್ಳುವಂತೆಯೂ ಇಲ್ಲ. ಬರಹ ಎರಡೇ ಸಾಲಿಗೆ ಇಳಿಯಿತು. ಕಾರಣಗಳೇ ಅಷ್ಟು ಪುಟ ತಿನ್ನುತ್ತಿದ್ದವು! ಆದರೆ ಆ ಎರಡು ಸಾಲಿನಲ್ಲಿ ತಮಾಷೆಯ ಮನುಷ್ಯನೊಬ್ಬ ಕಾಣಿಸತೊಡಗಿದ. "ಅಕ್ಕ ಫೋನಿನಲ್ಲಿ ಮಂಡಿನೋವು ಹೇಳಿಕೊಂಡಳು. ನನ್ನ ಮಂಡಿನೋವು ಶುರು ಮಾಡಲು ಅವಳದ್ದು ಮುಗಿಯಲೆಂದು ಕಾದೆ." "ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಕನ್ನಡಿ ನೋಡಿ ಹೊಟ್ಟೆ ಒಳಗೆಳೆದುಕೊಂಡೆ. ಬಾಗಿಲು ತೆರೆದಾಗ ಬಿಟ್ಟೆ." ಓದಿದರೆ ಸಿಟ್ಟು ಬರುವುದಿಲ್ಲ, ಇವನನ್ನು ಇಷ್ಟು ವರ್ಷ ಮಾತಾಡಿಸದೆ ಬಿಟ್ಟೆನಲ್ಲ ಅನ್ನಿಸುತ್ತದೆ.

ಮೊನ್ನೆ ಮದುವೆಯೂಟ ಮುಗಿಸಿ ಬಂದು ಬರೆದದ್ದು: "ಬಡಿಸುವವರು ಬಂದಾಗ 'ಸಾಕು ಸಾಕು' ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿದೆ. ಬೆರಳುಗಳ ನಡುವೆ ಒಂದು ಹೋಳಿಗೆ ಜಾರುವಷ್ಟು ಸಂದು ಬಿಟ್ಟಿದ್ದೆ." ಹೆಮ್ಮೆಯಿಂದ ಓದಿ ಹೇಳಿದೆ. ಹೆಂಡತಿ ಹೂವು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಒಂದಲ್ಲ, ಎರಡು" ಎಂದಳು.