ನಿಂತಲ್ಲೇ ಗುಂಯ್‌ಗುಡುವ ಸೈಕಲ್
ಮನೆಯೊಳಗೇ ತುಳಿಯಲೆಂದು ಟ್ರೇನರ್ ಎಂಬ ಸ್ಟ್ಯಾಂಡಿಗೆ ಬಿಗಿದ ಸೈಕಲ್ ಎಷ್ಟು ತುಳಿದರೂ ಹಾಲ್ ದಾಟುವುದಿಲ್ಲ; ಸದ್ದು ಮಾತ್ರ ಎರಡು ಮಹಡಿ ಇಳಿದಿರುತ್ತದೆ. ಕೆಳಮನೆ ಆಂಟಿ, “ಬೆಳಗ್ಗೆ ಐದಕ್ಕೇ ಏನಪ್ಪಾ ರುಬ್ತೀಯ?” ಅಂದರೆ ದೋಸೆಹಿಟ್ಟು ಎಂದುಬಿಡಬಹುದು. ಆಮೇಲೆ ದೋಸೆ ಕೊಡಬೇಕಾದೀತು, ಅದು ಬೇರೆ ಮಾತು.

ಗೊರಗೊರ ಸದ್ದಿನ ಮೊದಲ ಆರೋಪಿ ಹಿಂದಿನ ಟೈರು. ಕಾಡುಮೇಡು ಹತ್ತುವ ಹಲ್ಲುಹಲ್ಲು ಟೈರು ಟ್ರೇನರಿನ ರೋಲರಿಗೆ ತಾಗಿದರೆ ಅರಚದೆ ಇನ್ನೇನು ಮಾಡೀತು? ನುಣುಪು ಟೈರು ಹಾಕಿ, ಗಾಳಿ ಸರಿಯಾಗಿ ತುಂಬಿ, ರೋಲರನ್ನು ಟೈರು ಜಾರದಷ್ಟು ಮಾತ್ರ ಬಿಗಿಮಾಡಿ. ಕಟಕಟ ಅಂದರೆ ಗೇರ್ ಕೇಬಲ್ ನೋಡಿ. ಕಿರ್ರ್ ಅಂದರೆ ಚೈನಿಗೆ ಎಣ್ಣೆ, ತಲೆಗೆ ಹಚ್ಚುವುದಲ್ಲ ಮತ್ತೆ! ನೆಲಕ್ಕಿಳಿಯುವ ನಡುಕಕ್ಕೆ ದಪ್ಪ ರಬ್ಬರ್ ಮ್ಯಾಟ್.

ನಿಮ್ಮದು ಫ್ಯಾನ್ ತಿರುಗಿಸಿ ತಡೆ ಕೊಡುವ ಟ್ರೇನರ್ ಆಗಿದ್ದರೆ ಈ ಉಪಚಾರವೆಲ್ಲ ಬಹುತೇಕ ದಂಡ. ಕಿರುಚುವುದು ಅದರ ಹುಟ್ಟುಗುಣ, ತುಳಿದಷ್ಟೂ ಜೋರು.