ನಮ್ಮ ಕಂಪ್ಯೂಟರ್ ಹುಡುಗ

ದಾವಣಗೆರೆಯ ಮಂಡಿಪೇಟೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಕಂಪ್ಯೂಟರ್ ಹುಡುಗ ಎಂದೇ. ಹುಡುಗನಿಗೆ ಐವತ್ತು ತುಂಬಲು ಬಹಳ ದಿನವಿಲ್ಲ. ಮಗಳು ಸೆಕೆಂಡ್ ಪಿಯುಸಿ. ಆದರೂ ಪ್ರಿಂಟರ್ ನಿಂತರೆ ಗಲ್ಲಾದ ಮೇಲಿಂದ ಬರುವ ಕೂಗು ಒಂದೇ: ‘ಏ, ಆ ಹುಡುಗನಿಗೆ ಫೋನ್ ಹಚ್ರೋ!’

ಫೋನಿನಲ್ಲಿ ಅವನ ಮಾತು ಎರಡೇ. ‘ಆಫ್ ಮಾಡಿ ಆನ್ ಮಾಡಿದ್ರಾ?’ ಮತ್ತು ‘ಇಲ್ಲೇ ಜಯದೇವ ಸರ್ಕಲ್ಲಿನಾಗೆ ಇದೀನಿ, ಐದು ನಿಮಿಷ.’ ಆ ಹೊತ್ತಿಗೆ ಅವನು ಹರಿಹರದಲ್ಲಿ ಇನ್ಯಾರದೋ ಯುಪಿಎಸ್ ಬಿಚ್ಚಿಕೊಂಡು ಕೂತಿರುತ್ತಾನೆ.

ಬಂದ ಮೇಲೆ ಮಾತ್ರ ನೋಡಬೇಕು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ವರ್ಷದ ಧೂಳನ್ನು ಬಾಯಲ್ಲೇ ಊದಿ, ಕೊಂಡಿ ಸರಿಸಿ ರ‍್ಯಾಮ್ ಪಟ್ಟಿ ಎಬ್ಬಿಸುತ್ತಾನೆ. ಷರ್ಟಿನ ಜೇಬಿನಿಂದ ಶಾಲೆ ಮಕ್ಕಳ ರಬ್ಬರು ಹೊರಬರುತ್ತದೆ. ಪಟ್ಟಿಯ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಅದರಿಂದ ಒಂದೇ ದಿಕ್ಕಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಟಕ್ಕೆಂದು ಮತ್ತೆ ಕೂರಿಸುತ್ತಾನೆ. ಸತ್ತು ಬಿದ್ದಿದ್ದ ಸಿಸ್ಟಂ ‘ಪೀಂ’ ಎನ್ನುತ್ತದೆ. ಅಂಗಡಿಯವರೆಲ್ಲ ಉಸಿರು ಬಿಡುತ್ತಾರೆ. ಚಹಾ ಬರುತ್ತದೆ.

ನಾನು ಹೇಳುತ್ತಿರುವುದು ಒಂದು ಮೆಕ್ಕೆಜೋಳದ ಮಂಡಿಯ ಮಾತು. ಅಲ್ಲಿ ಅವನಿಗೂ ಸಾಹುಕಾರರಿಗೂ ಎಎಂಸಿ ಇದೆ ಎನ್ನುತ್ತಾರೆ. ಕಾಗದವನ್ನು ಯಾರೂ ಕಂಡಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಒಂದು ಲಕೋಟೆ, ಒಂದು ಡಬ್ಬ ಸ್ವೀಟು, ಅಷ್ಟೇ ಕರಾರು. ಅದಕ್ಕೆ ಪ್ರತಿಯಾಗಿ ಇಡೀ ವ್ಯಾಪಾರವೇ ಅವನ ತಲೆಯೊಳಗೆ ಸಂಸಾರ ಹೂಡಿದೆ. ಕ್ಯಾಮೆರಾದ ಪಾಸ್‌ವರ್ಡ್, ರೌಟರಿನದು, ಟ್ಯಾಲಿ ಲೈಸೆನ್ಸಿನದು, ಎಲ್ಲವೂ. ಬ್ಯಾಕಪ್ ಇರುವುದು ಅವನ ಬೈಕಿನ ಡಿಕ್ಕಿಯಲ್ಲಿ, ಪೆನ್‌ಡ್ರೈವಿನಲ್ಲಿ, ರೇನ್‌ಕೋಟಿನ ಕೆಳಗೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆ ಗಡಿಬಿಡಿಯಲ್ಲಿ ಇ-ಮೇಲ್ ಕಾಲಮ್ಮಿಗೆ ಅವನು ತನ್ನದನ್ನೇ ತುಂಬಿದ. ಸಾಹುಕಾರರಿಗೆ ಆಗ ಮೇಲ್ ಎಂದರೆ ಮದ್ರಾಸಿಗೆ ಹೋಗುವ ಗಾಡಿ. ಇದರಲ್ಲಿ ಮೋಸವೇನಿಲ್ಲ. ಇವರು ಕೇಳಲಿಲ್ಲ, ಅವನು ಹೇಳಲಿಲ್ಲ.

ಎಡವಟ್ಟಾಗಿದ್ದು ಸಾಹುಕಾರರ ಮಗ ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದ ಮೇಲೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಥೆ ಮುಗಿಯಿತೆಂದು ಅವನು ತಲೆ ಕೆಡಿಸಿಕೊಂಡಿದ್ದರೆ, ವೇಬ್ರಿಡ್ಜಿನ ಪಕ್ಕದ ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿ ಓಡುತ್ತಿತ್ತು. ಅದರ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. ತೂಕದ ಯಂತ್ರ ಮಾತಾಡುವುದು ಹಳೆಯ ಸೀರಿಯಲ್ ಪೋರ್ಟಿನಲ್ಲಿ ಮಾತ್ರ, ಆ ಸಾಫ್ಟ್‌ವೇರ್ ಬರೆದವನು ಈಗ ಎಲ್ಲಿದ್ದಾನೋ ದೇವರಿಗೇ ಗೊತ್ತು. ಹುಡುಗನನ್ನು ಕೇಳಿದರೆ ಅವನ ತರ್ಕವೇ ಬೇರೆ: ‘ವೈರಸ್ ಬರೆಯೋರೆಲ್ಲ ಹೊಸ ವಿಂಡೋಸಿಗೆ ಬರೀತಾರೆ ಸಾವ್ಕಾರ್ರೆ. ಇಷ್ಟು ಹಳೇದನ್ನ ಯಾರು ಮೂಸ್ತಾರೆ?’

‘ಅಪ್ಪಾಜಿ, ಇದು ಸಪೋರ್ಟ್ ಅಲ್ಲ, ಹರಕೆ’ ಎಂದ ಮಗ. ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಒಪ್ಪಿಸುವುದೆಂದಾಯಿತು. ಕಂಪನಿಯಿಂದ ದೊಡ್ಡದೊಂದು ಪಟ್ಟಿ ಬಂತು. ಎಷ್ಟು ಯಂತ್ರ, ಯಾವ ಲೈಸೆನ್ಸ್ ಯಾರ ಹೆಸರಲ್ಲಿ, ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ, ವೆಬ್‌ಸೈಟಿನ ಹೆಸರು ಯಾವ ಮೇಲ್‌ಗೆ ಕಟ್ಟಿದೆ, ಬ್ಯಾಕಪ್ಪನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ. ಅಡಿಯಲ್ಲಿ ಒಂದು ಸಾಲು: ಹಳಬರೂ ಹೊಸಬರೂ ಒಂದು ತಿಂಗಳು ಜೊತೆಗಿರಲಿ, ಅಲ್ಲಿಯವರೆಗೆ ಹಳಬರ ಯಾವ ಪ್ರವೇಶವನ್ನೂ ತೆಗೆಯಬೇಡಿ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಬುದ್ಧಿ ಇದ್ದದ್ದು ಆ ಸಾಲಿನಲ್ಲೇ. ಅದನ್ನು ಮಾತ್ರ ಯಾರೂ ಓದಲಿಲ್ಲ.

ಓದದಿರಲು ಕಾರಣವಿತ್ತು. ಹುಡುಗನಿಗೆ ತಿಳಿಯದಂತೆ ಹುಡುಗನನ್ನು ಬಿಡಬೇಕೆಂಬುದು ಸಾಹುಕಾರರ ಯೋಜನೆ. ಮುಖ ನೋಡಿಕೊಂಡು ಹೇಳುವುದು ಹ್ಯಾಗೆ? ಗೃಹಪ್ರವೇಶಕ್ಕೆ ಬಂದು ಬಡಿಸಿದವನು.

ಭಾನುವಾರ, ಶಟರ್ ಅರ್ಧ ಇಳಿಸಿ, ಹೊಸ ಇಂಜಿನಿಯರನ್ನು ಒಳಗೆ ಕರೆದರು. ಟೈ ಕಟ್ಟಿದ ಹುಡುಗ, ನಿಜವಾದ ಹುಡುಗ. ಸರ್ವರಿನ ಮುಂದೆ ಕೂತು ಅಕೌಂಟೆಂಟ್ ಅಕ್ಕನಿಗೆ ನೆನಪಿದ್ದ ಪಾಸ್‌ವರ್ಡುಗಳನ್ನೆಲ್ಲ ಹೊಡೆದ. ಆಂಜನೇಯನ ಹೆಸರು, ಸಾಹುಕಾರರ ಮನೆದೇವರು, ಅಂಗಡಿಯ ಲಾರಿ ನಂಬರು. ಯಾವುದೂ ಹತ್ತಲಿಲ್ಲ. ಪಕ್ಕದ ಸಿಸ್ಟಮ್ಮಿನಲ್ಲಿ ಮೌಸ್ ಬಾಣ ತಾನಾಗೇ ಸರಿದಾಡಿತು. ಯಾರೂ ಮುಟ್ಟಿರಲಿಲ್ಲ. ನೋಟ್‌ಪ್ಯಾಡ್ ತೆರೆದುಕೊಂಡು ಒಂದೊಂದೇ ಅಕ್ಷರ ಮೂಡಿತು: ‘ಸರ್, ಮನೆದೇವರು ಸರಿ ಐತೆ. ಕೊನೆಗೆ 123 ಸೇರ್ಸಿ.’

ಎನಿಡೆಸ್ಕ್ ಹಾಕಿಟ್ಟವನು ಅವನೇ. ಮನೆಯಲ್ಲಿ ಕೂತು, ಮಂಡಕ್ಕಿ ಮೆಲ್ಲುತ್ತ, ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲರನ್ನೂ ನೋಡುತ್ತಿದ್ದ.

ಅಂದು ನಿಜಕ್ಕೂ ಐದು ನಿಮಿಷಕ್ಕೆ ಬಂದ. ಸಿಟ್ಟಿಲ್ಲ, ಸೆಡವಿಲ್ಲ. ‘ಹೇಳಿದ್ರೆ ನಾನೇ ಕೊಡ್ತಿದ್ನಲ್ಲ ಸಾವ್ಕಾರ್ರೆ’ ಎಂದು ಇಂಜಿನಿಯರಿನ ಪಕ್ಕ ಸ್ಟೂಲ್ ಎಳೆದು ಕೂತ. ಟ್ಯಾಲಿ ತೆರೆದರು. ಮಂಡಿಯ ಹೆಸರು ಬಂತು. ಅದರ ಕೆಳಗೆ ಹೆಸರಿಲ್ಲದ ಇನ್ನೊಂದು ಕಂಪನಿ. ಅಕ್ಷರವಿರಬೇಕಾದಲ್ಲಿ ಸಾಲಾಗಿ ನಕ್ಷತ್ರಗಳು. ಟ್ಯಾಲಿ ವಾಲ್ಟಿನ ಬೀಗ ಹಾಕಿದ ಲೆಕ್ಕ ಕಾಣುವುದೇ ಹಾಗೆ. ಅದರ ಪಾಸ್‌ವರ್ಡ್ ಮರೆತರೆ ಟ್ಯಾಲಿಯವರಿಂದಲೂ ತೆಗೆಯಲಾಗದು.

‘ಇದ್ಯಾವ ಕಂಪನಿ ಸರ್?’

ಸಾಹುಕಾರರು ಫ್ಯಾನ್ ನೋಡಿದರು. ಅಕ್ಕ ರಸೀದಿ ಪುಸ್ತಕದಲ್ಲಿ ಏನೋ ಹುಡುಕತೊಡಗಿದಳು.

‘ಅದು... ದೇವಸ್ಥಾನದ ಲೆಕ್ಕ’ ಎಂದರು ಸಾಹುಕಾರರು.

‘ಹೌದು ಸರ್, ದೇವಸ್ಥಾನದ್ದೇ’ ಎಂದ ಹುಡುಗ, ಕಣ್ಣು ಮಿಟುಕಿಸದೆ. ಇಂಥ ಸೇವೆಯನ್ನು ಯಾವ ಬೆಂಗಳೂರು ಕಂಪನಿ ಕರಾರಿನಲ್ಲಿ ಬರೆದುಕೊಡುತ್ತದೆ?

ಉಳಿದದ್ದು ವೆಬ್‌ಸೈಟಿನ ಹೆಸರು. ಅದನ್ನು ಬೇರೆಡೆ ಸಾಗಿಸಲು ಒಂದು ಕೋಡ್ ಬೇಕು, ಕೋಡ್ ಬರುವುದು ಹುಡುಗನ ಹಳೆಯ ಮೇಲ್‌ಗೆ. ಅದರ ಪಾಸ್‌ವರ್ಡ್ ಮಾತ್ರ ಹುಡುಗನಿಗೂ ಮರೆತುಹೋಗಿದೆ! ಮರೆತವರಿಗೆ ಮೊಬೈಲಿಗೆ ಓಟಿಪಿ ಬರುತ್ತದೆ. ಆ ಮೊಬೈಲ್ ಅಂಗಡಿಯ ಹಳೇ ನಂಬರು. ಆ ಸಿಮ್ಮು ಈಗ ಕೀಪ್ಯಾಡ್ ಸೆಟ್ಟಿನಲ್ಲಿ, ಸೆಟ್ಟು ಲಾರಿ ಡ್ರೈವರನ ಜೇಬಿನಲ್ಲಿ, ಡ್ರೈವರ್ ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ.

ಸಾಹುಕಾರರೇ ಫೋನ್ ಮಾಡಿದರು. ಸ್ಪೀಕರ್ ಹಾಕಿದರು.

‘ನಿನ್ನ ಫೋನಿಗೆ ಆರಂಕಿ ಬಂದೈತೆ ನೋಡು. ಓದು.’

‘ಬಂದೈತೆ. ಆದ್ರೆ ಹೇಳಂಗಿಲ್ಲ.’

‘ಏನಂದೆ?’

‘ಓಟಿಪಿ ಯಾರಿಗೂ ಹೇಳಬ್ಯಾಡ, ನನ್ನ ದನಿ ಮಾಡ್ಕೊಂಡು ಯಾರಾದ್ರೂ ಕೇಳಿದ್ರೂ ಹೇಳಬ್ಯಾಡ ಅಂತ ನಮ್ ಸಾವ್ಕಾರ್ರು ಹೇಳ್ಯಾರ. ನೀ ಯಾವನೋ ಏನೋ. ದನಿ ಮಾತ್ರ ಥೇಟ್ ಹಂಗೇ ಮಾಡ್ತೀಯಪ್ಪ’ ಎಂದು ಡ್ರೈವರ್ ಫೋನ್ ಕುಕ್ಕಿದ.